ಮೇದೋಜೀರಕದ ಗುಟ್ಟು ಬಿಡಿಸಿದ ಕ್ಲಾಡ್ ಬರ್ನಾರ್ಡ್

ಮಕ್ಕಳೇ, ಮೂಳೆಗಳು ಗಟ್ಟಿಯಾಗಿರಲು ಕ್ಯಾಲ್ಸಿಯಂ ಬೇಕೆಂದು ನೀವು ಪಾಠದಲ್ಲಿ ಓದಿದ್ದೀರಿ. ಹಾಲು, ರಾಗಿ, ಸೊಪ್ಪುಗಳಲ್ಲಿ ಅದು ಸಿಗುತ್ತದೆ ಎಂಬುದೂ ನಿಮಗೆ ಗೊತ್ತು. ಆದರೆ ಇವನ್ನೆಲ್ಲ ದಿನವೂ ತಿನ್ನುವ ಕೆಲವರ ಮೂಳೆಗಳು ಕೂಡ ದುರ್ಬಲವಾಗುವುದುಂಟು. ಅಂಥವರು ಅಂಗಳದಲ್ಲಿ ಜಾರಿ ಬಿದ್ದರೂ ಮೂಳೆ ಮುರಿಯಬಹುದು. ವೈದ್ಯರು ಕಾರಣ ಹುಡುಕುತ್ತಾ ಹೋದಾಗ ಕೆಲವೊಮ್ಮೆ ಮೂಲ ತೊಂದರೆ ಸಿಗುವುದು ಮೂಳೆಯಲ್ಲಲ್ಲ, ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ! ಎಲ್ಲಿಯ ಮೂಳೆ, ಎಲ್ಲಿಯ ಮೇದೋಜೀರಕ? ಈ ನಂಟನ್ನು ಅರಿಯಲು ಮೊದಲ ದಾರಿ ತೋರಿಸಿದವರು ಫ್ರಾನ್ಸ್ ದೇಶದ ವಿಜ್ಞಾನಿ ಕ್ಲಾಡ್ ಬರ್ನಾರ್ಡ್. ಅವರ ಬದುಕಿನ ಕಥೆಯನ್ನು ತಿಳಿಯೋಣವೇ?

ನಾಟಕಕಾರನಾಗಲು ಹೊರಟ ಹುಡುಗ

ಕ್ಲಾಡ್ ಬರ್ನಾರ್ಡ್ ಹುಟ್ಟಿದ್ದು 1813ರ ಜುಲೈ 12ರಂದು, ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ತಂದೆ ದ್ರಾಕ್ಷಿ ಬೆಳೆಯುವ ರೈತ. ಊರಿನ ಪಾದ್ರಿಯೊಬ್ಬರು ಹುಡುಗನಿಗೆ ಲ್ಯಾಟಿನ್ ಭಾಷೆ ಕಲಿಸಿದರು. ಮನೆಯಲ್ಲಿ ಹಣದ ಅಡಚಣೆಯಿದ್ದುದರಿಂದ ಕ್ಲಾಡ್ ಓದು ನಿಲ್ಲಿಸಿ, ಲಿಯೋನ್ ನಗರದ ಬಳಿ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಬೇಕಾಯಿತು.

ಆ ಅಂಗಡಿಯಲ್ಲಿ ಒಂದು ವಿಚಿತ್ರ ಔಷಧವಿತ್ತು. ಉಳಿದುಹೋದ, ಹಾಳಾದ ಔಷಧಗಳನ್ನೆಲ್ಲ ಅದರೊಳಗೆ ಸುರಿಯುತ್ತಿದ್ದರು. ಜನರು ಮಾತ್ರ ಅದು ಎಲ್ಲ ರೋಗಕ್ಕೂ ಮದ್ದೆಂದು ನಂಬಿ ಕೊಳ್ಳುತ್ತಿದ್ದರು. ಇದನ್ನು ಕಂಡ ಕ್ಲಾಡ್‌ಗೆ ಆ ಕಾಲದ ಔಷಧಗಳ ಮೇಲೆ ನಂಬಿಕೆ ಹುಟ್ಟಲಿಲ್ಲ.

ಬಿಡುವಿನಲ್ಲಿ ಅವರು ನಾಟಕ ಬರೆಯುತ್ತಿದ್ದರು. 1834ರಲ್ಲಿ ದೊಡ್ಡ ನಾಟಕವೊಂದರ ಹಸ್ತಪ್ರತಿ ಹಿಡಿದು ಪ್ಯಾರಿಸ್‌ಗೆ ಹೋದರು. ಅದನ್ನು ಓದಿದ ಹೆಸರಾಂತ ವಿಮರ್ಶಕರೊಬ್ಬರು, ಹೊಟ್ಟೆಪಾಡಿಗೆ ಬೇರೊಂದು ವಿದ್ಯೆ ಬೇಕು, ವೈದ್ಯಕೀಯ ಕಲಿಯುವುದು ಒಳ್ಳೆಯದು ಎಂದು ಸಲಹೆ ನೀಡಿದರು. ಕ್ಲಾಡ್ ಆ ಮಾತನ್ನು ಒಪ್ಪಿಕೊಂಡರು.

ಸೋಲಿನ ನಂತರ ತೆರೆದ ಬಾಗಿಲು

ವೈದ್ಯಕೀಯ ಶಾಲೆಯಲ್ಲಿ ಅವರು ಸಾಧಾರಣ ವಿದ್ಯಾರ್ಥಿ. ಆದರೆ ಅವರ ಕೈಗಳ ಚಳಕ ಅಪರೂಪದ್ದು. 1841ರಲ್ಲಿ ಫ್ರಾನ್ಸ್ವಾ ಮಜೆಂಡಿ ಎಂಬ ಪ್ರಸಿದ್ಧ ವಿಜ್ಞಾನಿ ಅವರನ್ನು ತಮ್ಮ ಸಹಾಯಕರನ್ನಾಗಿ ಮಾಡಿಕೊಂಡರು. 1843ರಲ್ಲಿ ಬರ್ನಾರ್ಡ್ ವೈದ್ಯ ಪದವಿ ಪಡೆದರು. ಮರುವರ್ಷ ಬೋಧಕ ಹುದ್ದೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು! ಹಳ್ಳಿಗೆ ಹಿಂದಿರುಗಿ ವೈದ್ಯ ವೃತ್ತಿ ಮಾಡುವ ಯೋಚನೆಯೂ ಬಂತು. ಆದರೆ 1845ರಲ್ಲಿ ಮದುವೆಯಾದಾಗ ಪತ್ನಿಯ ಕಡೆಯಿಂದ ಬಂದ ಹಣದಿಂದ ಸಂಶೋಧನೆ ಮುಂದುವರಿಯಿತು. ತೇವ ತುಂಬಿದ, ಬೆಳಕಿಲ್ಲದ ಕೋಣೆಯೇ ಅವರ ಪ್ರಯೋಗಶಾಲೆಯಾಗಿತ್ತು.

ಮೊಲಗಳು ಕೊಟ್ಟ ಸುಳಿವು

1846ರಲ್ಲಿ ಒಂದು ದಿನ ಮಾರುಕಟ್ಟೆಯಿಂದ ಕೆಲವು ಮೊಲಗಳನ್ನು ಪ್ರಯೋಗಶಾಲೆಗೆ ತರಲಾಯಿತು. ಮೇಜಿನ ಮೇಲೆ ಅವು ಮೂತ್ರ ಮಾಡಿದವು. ಬೇರೆಯವರಾಗಿದ್ದರೆ ಒರೆಸಿ ಸುಮ್ಮನಾಗುತ್ತಿದ್ದರು. ಬರ್ನಾರ್ಡ್ ಅದನ್ನು ಗಮನಿಸಿ ನೋಡಿದರು. ಹುಲ್ಲು ತಿನ್ನುವ ಮೊಲದ ಮೂತ್ರ ಸಾಮಾನ್ಯವಾಗಿ ಮಬ್ಬಾಗಿದ್ದು ಪ್ರತ್ಯಾಮ್ಲೀಯವಾಗಿರುತ್ತದೆ. ಇವುಗಳ ಮೂತ್ರ ಮಾಂಸಾಹಾರಿ ಪ್ರಾಣಿಗಳ ಮೂತ್ರದಂತೆ ತಿಳಿಯಾಗಿ, ಆಮ್ಲೀಯವಾಗಿತ್ತು. ಏಕೆ?

ಈ ಮೊಲಗಳು ಬಹಳ ಹೊತ್ತಿನಿಂದ ಉಪವಾಸವಿರಬೇಕು, ಹಸಿವಿನಿಂದ ತಮ್ಮ ಮೈಯ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತಿರಬೇಕು ಎಂದು ಅವರು ಊಹಿಸಿದರು. ಊಹೆಯನ್ನು ಅಲ್ಲಿಗೇ ಬಿಡಲಿಲ್ಲ. ಹುಲ್ಲು ಕೊಟ್ಟರು; ಮೂತ್ರ ಮಬ್ಬಾಯಿತು. ಮತ್ತೆ ಉಪವಾಸ ಕೆಡವಿದರು, ತಿಳಿಯಾಯಿತು. ಬೇಯಿಸಿದ ಮಾಂಸ ತಿನ್ನಿಸಿದರು. ಆಗಲೂ ತಿಳಿಯಾಗಿಯೇ ಇತ್ತು. ಊಹೆ ನಿಜವಾಯಿತು.

ಮಾಂಸ ತಿಂದ ಮೊಲಗಳ ಕರುಳನ್ನು ಪರೀಕ್ಷಿಸುವಾಗ ಇನ್ನೊಂದು ಅಚ್ಚರಿ ಕಾದಿತ್ತು. ಜೀರ್ಣವಾದ ಕೊಬ್ಬನ್ನು ಕರುಳಿನಿಂದ ಒಯ್ಯುವ ಸೂಕ್ಷ್ಮ ನಾಳಗಳು ಹಾಲಿನಂತೆ ಬೆಳ್ಳಗೆ ಕಾಣುತ್ತವೆ. ನಾಯಿಯಲ್ಲಿ ಈ ಬಿಳಿ ನಾಳಗಳು ಸಣ್ಣ ಕರುಳಿನ ಆರಂಭದಲ್ಲೇ ಕಂಡರೆ, ಮೊಲದಲ್ಲಿ ಸುಮಾರು 30 ಸೆಂಟಿಮೀಟರ್ ಕೆಳಗೆ ಕಂಡವು. ಮೊಲದಲ್ಲಿ ಮೇದೋಜೀರಕದ ನಾಳ ಕರುಳಿಗೆ ಬಂದು ಸೇರುವುದೂ ಸರಿಯಾಗಿ ಅಲ್ಲಿಯೇ! ಹಾಗಾದರೆ ಕೊಬ್ಬನ್ನು ಜೀರ್ಣಿಸುವುದು ಮೇದೋಜೀರಕ ರಸವೇ ಇರಬೇಕು ಎಂದು ಅವರಿಗೆ ಹೊಳೆಯಿತು.

ಅದುವರೆಗೆ ಜೀರ್ಣಕ್ರಿಯೆ ಮುಖ್ಯವಾಗಿ ಜಠರದಲ್ಲೇ ಮುಗಿಯುತ್ತದೆ ಎಂದು ತಿಳಿಯಲಾಗಿತ್ತು. ಮೇದೋಜೀರಕವನ್ನು ಹೊಟ್ಟೆಯೊಳಗಿನ ಜೊಲ್ಲುಗ್ರಂಥಿ ಎಂದು ಭಾವಿಸುತ್ತಿದ್ದರು. ಬರ್ನಾರ್ಡ್ ಮೇದೋಜೀರಕ ರಸವನ್ನು ಸಂಗ್ರಹಿಸಿ ಎಣ್ಣೆಯೊಂದಿಗೆ ಬೆರೆಸಿದರು. ಎಣ್ಣೆ ಹಾಲಿನಂತಾಯಿತು, ಮಿಶ್ರಣ ಆಮ್ಲೀಯವಾಯಿತು. ಎಂದರೆ ಕೊಬ್ಬು ಒಡೆದು ಕೊಬ್ಬಿನ ಆಮ್ಲಗಳು ಬಿಡುಗಡೆಯಾಗಿದ್ದವು. ಈ ಕೆಲಸ ಮಾಡುವ ಕಿಣ್ವವನ್ನು ನಾವು ಇಂದು ಲೈಪೇಸ್ ಎನ್ನುತ್ತೇವೆ.

ಮೇದೋಜೀರಕದಿಂದ ಮೂಳೆಯವರೆಗೆ

ಮೂಳೆಯ ಮಾತು ಬರ್ನಾರ್ಡ್ ಅವರ ಕಾಲದಲ್ಲಿ ಇನ್ನೂ ಬಂದಿರಲಿಲ್ಲ. ವಿಟಮಿನ್‌ಗಳ ವಿಷಯವೇ ಆಗ ತಿಳಿದಿರಲಿಲ್ಲ. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ವಿಟಮಿನ್ ಡಿಯನ್ನು ಗುರುತಿಸಿದ ಮೇಲೆ ಸರಪಳಿಯ ಮುಂದಿನ ಕೊಂಡಿ ಸಿಕ್ಕಿತು. ಅದು ಹೀಗಿದೆ:

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುತ್ತದೆ. ಆಹಾರದಲ್ಲಿರುವ ವಿಟಮಿನ್ ಡಿ ಕೊಬ್ಬಿನ ಜೊತೆಯಲ್ಲಿಯೇ ದೇಹ ಸೇರುತ್ತದೆ. ಮೇದೋಜೀರಕ ಬಹುಕಾಲ ಉರಿಯೂತಕ್ಕೆ ತುತ್ತಾದರೆ ಕಿಣ್ವಗಳು ಸಾಕಷ್ಟು ತಯಾರಾಗುವುದಿಲ್ಲ. ಕೊಬ್ಬು ಜೀರ್ಣವಾಗದೆ ಮಲದಲ್ಲಿ ಹೊರಹೋಗುತ್ತದೆ, ಜೊತೆಗೆ ವಿಟಮಿನ್ ಡಿ ಕೂಡ. ವಿಟಮಿನ್ ಡಿ ಕಡಿಮೆಯಾದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳಲಾರದು. ಸಾಲದೆಂಬಂತೆ, ಹೀರಲ್ಪಡದೆ ಉಳಿದ ಕೊಬ್ಬಿನ ಆಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂಥ ವಸ್ತುವಾಗಿ ಹೊರಹೋಗುತ್ತವೆ. ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಭಾಗ ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗಿದರೆ ದೇಹ ಈ ಉಗ್ರಾಣದಿಂದಲೇ ತೆಗೆಯುತ್ತದೆ. ಮೂಳೆ ಬಡವಾಗುತ್ತದೆ.

ದೀರ್ಘಕಾಲದ ಮೇದೋಜೀರಕ ಉರಿಯೂತ ಇರುವವರಲ್ಲಿ ಮೂವರಿಗೆ ಸುಮಾರು ಇಬ್ಬರ ಮೂಳೆಯ ಸಾಂದ್ರತೆ ಕಡಿಮೆಯಿರುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನಗಳ ಒಟ್ಟು ವಿಮರ್ಶೆಯೊಂದು ತಿಳಿಸಿತು. ಮದ್ಯಪಾನ ಮತ್ತು ಧೂಮಪಾನ ಈ ರೋಗಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ. ಅವು ನೇರವಾಗಿ ಮೂಳೆಯನ್ನೂ ಕೆಡಿಸುತ್ತವೆ. ಮಕ್ಕಳಿಗೂ ಅನುವಂಶಿಕ ಕಾರಣಗಳಿಂದ ಈ ರೋಗ ಬರಬಹುದು. ಇಂದು ವೈದ್ಯರು ಕಿಣ್ವದ ಗುಳಿಗೆಗಳನ್ನು ಊಟದ ಜೊತೆಯಲ್ಲಿ ಕೊಡುತ್ತಾರೆ. ಅಗತ್ಯವಿದ್ದರೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೂಡ ನೀಡಿ ಮೂಳೆಯನ್ನು ಕಾಪಾಡುತ್ತಾರೆ.

ಸಾಧನೆಗೆ ತೆತ್ತ ಬೆಲೆ

ಬರ್ನಾರ್ಡ್ ಅವರ ಸಾಧನೆ ಇಷ್ಟೇ ಅಲ್ಲ. ಪಿತ್ತಜನಕಾಂಗ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ ಎಂದು ತೋರಿಸಿ, 1857ರಲ್ಲಿ ಅದನ್ನು ಬೇರ್ಪಡಿಸಿದರು. ಹೊರಗೆ ಚಳಿಯಿರಲಿ ಬಿಸಿಲಿರಲಿ, ದೇಹದ ಒಳಗಿನ ಪರಿಸರ ಹೆಚ್ಚು ಬದಲಾಗದೆ ಉಳಿಯುತ್ತದೆ ಎಂಬ ಮಹತ್ವದ ವಿಚಾರವೂ ಅವರದೇ. ಕಾಯಿಲೆಯಿಂದ ಹುಟ್ಟೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಪ್ರಾಯೋಗಿಕ ವೈದ್ಯ ವಿಜ್ಞಾನದ ಬಗ್ಗೆ ಬರೆದ ಪುಸ್ತಕ 1865ರಲ್ಲಿ ಪ್ರಕಟವಾಯಿತು.

ಆದರೆ ಈ ಜ್ಞಾನಕ್ಕೆ ಬೆಲೆ ತೆತ್ತದ್ದು ಮೂಕ ಪ್ರಾಣಿಗಳು. ಅರಿವಳಿಕೆ ಆಗಷ್ಟೇ ಬಳಕೆಗೆ ಬರುತ್ತಿತ್ತು. ಎಷ್ಟೋ ಪ್ರಾಣಿಗಳು ನೋವಿನಲ್ಲೇ ಸತ್ತವು. ಅವರ ಪತ್ನಿ ಮತ್ತು ಹೆಣ್ಣುಮಕ್ಕಳು ಇದನ್ನು ಬಲವಾಗಿ ವಿರೋಧಿಸಿದರು. ಕೊನೆಗೆ ಸಂಸಾರವೇ ಒಡೆಯಿತು. ಪ್ರಾಣಿಗಳ ನೋವಿನ ಬಗ್ಗೆ ಆ ತಾಯಿ ಮಕ್ಕಳು ಎತ್ತಿದ ಪ್ರಶ್ನೆಯನ್ನು ಜಗತ್ತು ಮರೆಯಲಿಲ್ಲ. ನಮ್ಮ ದೇಶದಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವಂತಿಲ್ಲ.

1878ರ ಫೆಬ್ರುವರಿ 10ರಂದು ಬರ್ನಾರ್ಡ್ ಪ್ಯಾರಿಸ್‌ನಲ್ಲಿ ನಿಧನರಾದರು. ಫ್ರಾನ್ಸ್ ಸರ್ಕಾರ ಅವರ ಅಂತ್ಯಕ್ರಿಯೆಯನ್ನು ರಾಜ್ಯ ಗೌರವದೊಂದಿಗೆ ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬರಿಗೆ ಅಂಥ ಗೌರವ ದೊರೆತದ್ದು ಅದೇ ಮೊದಲು.

ಮಕ್ಕಳೇ, ದೇಹದ ಒಂದು ಅಂಗ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮೂಳೆ ನೋಯುವವರಿಗೆ ಹೊಟ್ಟೆಯ ಪರೀಕ್ಷೆ ಏಕೆಂದು ಇನ್ನು ಯಾರಾದರೂ ಕೇಳಿದರೆ, ಕಾರಣವನ್ನು ನೀವೇ ವಿವರಿಸಬಹುದಲ್ಲವೇ?

ಮಾಡಿ ನೋಡಿ

ಎರಡು ಪಾರದರ್ಶಕ ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಿ. ಎರಡಕ್ಕೂ ಒಂದೊಂದು ಚಮಚ ಅಡುಗೆ ಎಣ್ಣೆ ಹಾಕಿ. ಒಂದಕ್ಕೆ ಮಾತ್ರ ಅರ್ಧ ಚಮಚ ಸೋಪಿನ ಪುಡಿ ಸೇರಿಸಿ. ಮುಚ್ಚಳ ಬಿಗಿದು ಎರಡನ್ನೂ ಚೆನ್ನಾಗಿ ಕುಲುಕಿ, 5 ನಿಮಿಷ ಬಿಡಿ. ಯಾವುದರಲ್ಲಿ ಎಣ್ಣೆ ಬೇಗ ಮೇಲೆ ತೇಲುತ್ತದೆ? ಯಾವುದು ಹಾಲಿನಂತೆ ಉಳಿಯುತ್ತದೆ? ನಮ್ಮ ಕರುಳಿನಲ್ಲಿ ಪಿತ್ತರಸ ಕೊಬ್ಬನ್ನು ಹೀಗೆಯೇ ಸಣ್ಣ ಹನಿಗಳಾಗಿಸುತ್ತದೆ. ಆ ಹನಿಗಳನ್ನು ಮೇದೋಜೀರಕದ ಲೈಪೇಸ್ ಒಡೆಯುತ್ತದೆ. ಪ್ರಯೋಗ ಮುಗಿದ ಮೇಲೆ ಬಾಟಲಿ ಮತ್ತು ಕೈಗಳನ್ನು ತೊಳೆಯಲು ಮರೆಯದಿರಿ.

ಯೋಚಿಸಿ ಹೇಳಿ

1. ಮೇದೋಜೀರಕದ ನಾಳಕ್ಕೆ ಕಲ್ಲು ಅಡ್ಡವಾದರೆ ಕೊಬ್ಬಿನ ಜೀರ್ಣಕ್ರಿಯೆಗೆ ಏನಾಗಬಹುದು?
2. ವಿಟಮಿನ್ ಡಿ ಆಹಾರದಿಂದ ಮಾತ್ರವಲ್ಲ, ಇನ್ನೊಂದು ಮೂಲದಿಂದಲೂ ದೊರೆಯುತ್ತದೆ. ಅದು ಯಾವುದು? (ಸುಳಿವು: ಆಟದ ಮೈದಾನದಲ್ಲಿ ಹಗಲು ಹೊತ್ತು ಧಾರಾಳವಾಗಿ ಸಿಗುತ್ತದೆ, ಬೆಲೆ ಕೊಡಬೇಕಾಗಿಲ್ಲ.)