ಕಲ್ಲಿಗೆ ಒಡವೆ ತೊಡಿಸಿದ ರೂವಾರಿ ಮಲ್ಲಿತಮ್ಮ

ರಾಜರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ದಂಡನಾಯಕರ ಹೆಸರು ದಾನದತ್ತಿಗಳಲ್ಲಿ ಉಳಿಯುತ್ತದೆ. ಕವಿಯ ಹೆಸರು ಅವನ ಕಾವ್ಯದಲ್ಲಿ ಉಳಿಯುತ್ತದೆ. ಆದರೆ ಉಳಿ ಸುತ್ತಿಗೆ ಹಿಡಿದು ದುಡಿದವನ ಹೆಸರು ಉಳಿಯುವುದು ಬಲು ಅಪರೂಪ. ನಮ್ಮ ದೇಶದ ಎಷ್ಟೋ ದೊಡ್ಡ ದೇವಾಲಯಗಳ ಮುಂದೆ ನಿಂತು, ಇದನ್ನು ಕಡೆದವರು ಯಾರೆಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಹೊಯ್ಸಳರ ಕಾಲ ಮಾತ್ರ ಇದಕ್ಕೆ ಹೊರತಾಗಿದೆ. ಆ ಕಾಲದ ಶಿಲ್ಪಿಗಳು ತಾವು ಕಡೆದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಕೊರೆದರು. ಹಾಗೆ ಕೊರೆದ ಹೆಸರುಗಳಲ್ಲಿ ಊರಿಂದೂರಿಗೆ ಮತ್ತೆ ಮತ್ತೆ ಎದುರಾಗುವ ಹೆಸರು ಮಲ್ಲಿತಮ್ಮನದು.

ಹೆಸರು ಕೇಳಿದ ಕೂಡಲೇ ನನ್ನ ಸಹಪಾಠಿಗಳಲ್ಲಿ ಕೆಲವರು ಇದಾರೋ ಹೆಂಗಸೆಂದು ತಿಳಿದದ್ದುಂಟು. ಹಾಗಲ್ಲ, ಇದು ಗಂಡು ಹೆಸರು. ತಮ್ಮಯ್ಯ, ತಮ್ಮಣ್ಣ ಎಂಬ ಹೆಸರುಗಳು ನಮ್ಮ ಮದ್ದೂರು, ಮಳವಳ್ಳಿಯ ಕಡೆ ಇಂದಿಗೂ ಬಳಕೆಯಲ್ಲಿವೆಯಷ್ಟೆ. ರೂವಾರಿ ಎಂಬುದು ಅವನ ಕಸುಬನ್ನು ಹೇಳುವ ಮಾತು. ರೂಪವನ್ನು ಮಾಡುವವನು, ಎಂದರೆ ರೂಪಕಾರಿ, ಜನರ ಬಾಯಲ್ಲಿ ರೂವಾರಿಯಾದನು.

ಮಲ್ಲಿತಮ್ಮನನ್ನು ತಿಳಿಯಬೇಕಾದರೆ ಮೊದಲು ಅವನು ಹಿಡಿದ ಕಲ್ಲನ್ನು ತಿಳಿಯಬೇಕು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುವಷ್ಟು ಮೆದು. ಗಾಳಿ ಬಿಸಿಲಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಉಜ್ಜಿದರೆ ಹೊಳಪು ಬರುತ್ತದೆ. ಈ ಕಲ್ಲಿನ ಕೆಲಸ ಮೊದಲು ಬಲಿತದ್ದು ಉತ್ತರದಲ್ಲಿ, ಕಲ್ಯಾಣದ ಚಾಲುಕ್ಯರ ಸೀಮೆಯಲ್ಲಿ. ಲಕ್ಕುಂಡಿಯ ದೇವಾಲಯಗಳೂ 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯವೂ ಅದಕ್ಕೆ ಸಾಕ್ಷಿ. ಬೇಲೂರಿನ ಚೆನ್ನಕೇಶವನ ಗುಡಿಯನ್ನು 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದಾಗ, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅಲ್ಲಿಗೆ ಬಂದು ಮದನಿಕೆಯರನ್ನು ಕಡೆದರು. ಹೀಗೆ ಉತ್ತರದಿಂದ ಬಂದ ಕೈಚಳಕ ದಕ್ಷಿಣದ ಕಲ್ಲಿನಲ್ಲಿ ಬೇರುಬಿಟ್ಟಿತು. ಆ ಬೇರಿನಿಂದ ಎರಡು ಮೂರು ತಲೆಮಾರಿನ ತರುವಾಯ ಚಿಗುರಿದವನು ಮಲ್ಲಿತಮ್ಮ.

ಅವನನ್ನು ನಾವು ಮೊದಲು ಕಾಣುವುದು ತರೀಕೆರೆಯ ಬಳಿಯ ಅಮೃತಾಪುರದಲ್ಲಿ. ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಅಲ್ಲಿ ಶಿವಾಲಯವನ್ನು ಕಟ್ಟಿಸಿದನು. ಮಂಟಪದ ಒಳಛಾವಣಿಯ ಗುಮ್ಮಟಗಳಲ್ಲಿ ಮಲ್ಲಿತಮ್ಮನ ಉಳಿ ಪಳಗಿತೆಂದು ವಿದ್ವಾಂಸರು ಹೇಳುತ್ತಾರೆ. ಅದೇ ಗುಡಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಮುಂದೆ ಹೆಸರಾಗಲಿದ್ದ ಒಬ್ಬ ಕವಿಯೂ ಒಬ್ಬ ಶಿಲ್ಪಿಯೂ ಒಂದೇ ಗುಡಿಯ ನೆರಳಿನಲ್ಲಿ ಕೆಲಸಮಾಡಿದರೆಂಬುದು ಕನ್ನಡ ವಿದ್ಯಾರ್ಥಿಗಳಾದ ನಾವು ನೆನೆಯತಕ್ಕ ಸಂಗತಿ. ಜನ್ನನನ್ನು ನಾವು ಪಠ್ಯದಲ್ಲಿ ಓದುತ್ತೇವೆ, ಮಲ್ಲಿತಮ್ಮನನ್ನು ಓದುವುದಿಲ್ಲ.

ಅಲ್ಲಿಂದ ಮುಂದೆ ಅವನ ಬಾಳು ಗುಡಿಯಿಂದ ಗುಡಿಗೆ ನಡೆದ ಬಾಳು. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಅವನ ಹೆಸರಿದೆ. ನುಗ್ಗೇಹಳ್ಳಿಯಲ್ಲಿ, ಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯಲ್ಲಿ, ನಂದಿಯ ಬೈಚೋಜನೂ ಮಲ್ಲಿತಮ್ಮನೂ ಗೋಡೆಗಳನ್ನು ಹಂಚಿಕೊಂಡರು. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಜಾವಗಲ್ಲಿನಲ್ಲಿಯೂ ಅವನ ಗುರುತಿದೆ. ನಮ್ಮ ಮಂಡ್ಯ ಜಿಲ್ಲೆಗೂ ಅವನು ಬಂದನು. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದ ದ್ವಾರಪಾಲಕರ ಪೀಠದಲ್ಲಿ ಅವನ ಹೆಸರನ್ನು ಕಾಣಬಹುದು. ಐದು ಗರ್ಭಗುಡಿಗಳು ಸಾಲಾಗಿ ನಿಂತ ಆ ದೇವಾಲಯವನ್ನು ನಮ್ಮ ಜಿಲ್ಲೆಯವರೇ ಎಷ್ಟು ಮಂದಿ ನೋಡಿದ್ದೇವೆ?

ಅವನ ಬಾಳಿನ ಕೊನೆಯ ದೊಡ್ಡ ಕೆಲಸ ಸೋಮನಾಥಪುರ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಈ ಕೇಶವ ದೇವಾಲಯದ ಪ್ರತಿಷ್ಠೆ 1258ರಲ್ಲಿ ಆಯಿತೆಂದು ಕೆಲವರೂ, 1268ರಲ್ಲಿ ಎಂದು ಕೆಲವರೂ ಹೇಳುವರು. ಮಳವಳ್ಳಿಯಿಂದ ಹೊರಟು ಕಿರುಗಾವಲು, ಬನ್ನೂರುಗಳನ್ನು ದಾಟಿದರೆ ನಮಗೆ ಅದು ಹತ್ತಿರವೇ. ಹೊರಗೋಡೆಯ ಮೇಲೆ 194 ದೊಡ್ಡ ವಿಗ್ರಹಗಳಿವೆ. ಮಸಣಿತಮ್ಮ, ಚೌಡೆಯ, ಬಾಮಯ ಮೊದಲಾದವರ ಹೆಸರುಗಳು ಅಲ್ಲಿದ್ದರೂ, ಹೆಚ್ಚು ವಿಗ್ರಹಗಳ ಕೆಳಗೆ, ಸುಮಾರು 40ರ ಕೆಳಗೆ, ಇರುವುದು ಮಲ್ಲಿತಮ್ಮನ ಹೆಸರು. ಕೆಲವೆಡೆ ಪೂರ್ತಿ ಹೆಸರು. ಕೆಲವೆಡೆ ಮಲ್ಲಿ ಎಂದಷ್ಟೇ. ಮತ್ತೆ ಕೆಲವೆಡೆ ಬರಿಯ ಮ ಎಂಬ ಒಂದಕ್ಷರ. ಆ ಒಂದಕ್ಷರ ಸಾಕೆನಿಸುವಷ್ಟು ಅವನು ತನ್ನವರಲ್ಲಿ ಹೆಸರುವಾಸಿಯಾಗಿದ್ದನೆಂದು ನನಗೆ ತೋರುತ್ತದೆ. ಅಮೃತಾಪುರದಿಂದ ಸೋಮನಾಥಪುರದವರೆಗೆ ಅರವತ್ತು ವರ್ಷಗಳಿಗೂ ಮೀರಿದ ದುಡಿಮೆ, ನಾಲ್ವರು ಅರಸರ ಆಳ್ವಿಕೆ! ಅರಸರು ಬದಲಾದರು; ಉಳಿ ಹಿಡಿದ ಕೈ ಬದಲಾಗಲಿಲ್ಲ.

ಇನ್ನು ಅವನ ಒಡವೆಗಳ ಮಾತು. ಸೋಮನಾಥಪುರದ ದೇವತೆಗಳು ಗಿಡ್ಡವಾಗಿವೆ, ಆಭರಣದ ಭಾರ ಅತಿಯಾಯಿತು ಎಂದು ಟೀಕಿಸುವವರಿದ್ದಾರೆ. ಮೈಕಟ್ಟಿನ ಮಟ್ಟಿಗೆ ಆ ಟೀಕೆಯನ್ನು ಒಪ್ಪಬಹುದು. ಒಡವೆಗಳ ಮಟ್ಟಿಗೆ ನಾನು ಒಪ್ಪಲಾರೆ. ಅದಕ್ಕೆ ಕಾರಣ ನನ್ನ ತಂದೆಯವರು. ಅವರು ಮದ್ದೂರಿನಲ್ಲಿ ಚಿನ್ನದ ಕೆಲಸ ಮಾಡುವವರು. ಓದು ಏಳನೆಯ ತರಗತಿಗೆ ನಿಂತಿತು. ಕಳೆದ ವರ್ಷ ಅವರನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದೆ. ಯಾವ ಮೂರ್ತಿ ಯಾವ ದೇವರದೆಂದು ನಾನು ವಿವರಿಸುತ್ತಿದ್ದರೆ, ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಕಂಠೀಹಾರ, ತೋಳಬಂದಿ, ಡಾಬು, ಕಾಲಂದಿಗೆಗಳನ್ನು ಒಂದೊಂದಾಗಿ ನೋಡುತ್ತ ನಿಂತರು. ಮುತ್ತಿನ ಸರ ಎಲ್ಲಿ ಪದಕದೊಳಕ್ಕೆ ಸೇರುತ್ತದೆ, ಕೊಂಡಿ ಎಲ್ಲಿ ಕೂಡುತ್ತದೆ, ಡಾಬಿನಿಂದ ಇಳಿಬಿಟ್ಟ ಕುಚ್ಚು ತೂಕಕ್ಕೆ ಹೇಗೆ ಬಾಗುತ್ತದೆ ಎಂದು ತೋರಿಸಿಕೊಟ್ಟರು. ಹಾರದ ಹಿಂದಿನ ಕಲ್ಲನ್ನು ಕೆತ್ತಿ ತೆಗೆದು, ಹಾರವು ಎದೆಯಿಂದ ಬೇರೆಯಾಗಿ ನಿಂತು ನೆರಳು ಬೀಳುವಂತೆ ಮಾಡಿರುವುದನ್ನು ಕಂಡು ತಲೆದೂಗಿದರು. ಇದನ್ನು ಕಡೆದವನು ಒಡವೆ ಮಾಡುವವರ ಪಕ್ಕದಲ್ಲಿ ಕುಳಿತು ಕೆಲಸ ನೋಡಿದವನೇ ಸರಿ, ಬರಿಯ ಕಣ್ಣಳತೆಯಲ್ಲಿ ಇದು ಬರುವುದಿಲ್ಲ ಎಂಬುದು ಅವರ ತೀರ್ಮಾನ. ಯಾವ ಪುಸ್ತಕದಲ್ಲಿಯೂ ನನಗೆ ದೊರೆಯದಿದ್ದ ಪಾಠ ಅಂದು ದೊರೆಯಿತು.

ಬಳಿಕ ನಾನು ಪೀಠದ ಮೇಲಿನ ಹಳೆಯ ಅಕ್ಷರಗಳನ್ನು ಕೂಡಿಸಿ ಓದಿ, ಇದು ಕೆಲಸಗಾರನ ಹೆಸರೆಂದು ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಮಾಡಿದ ಒಡವೆಗಳು ಎಷ್ಟೋ ಮನೆಗಳ ಮದುವೆಯಲ್ಲಿ ಮೆರೆದಿವೆ. ಅವುಗಳಲ್ಲಿ ಒಂದರ ಮೇಲೂ ಅವರ ಹೆಸರಿಲ್ಲ. ಈಗ ಚಿನ್ನದ ಮೇಲೆ ಹಾಲ್‌ಮಾರ್ಕಿನ ಗುರುತು, ಶುದ್ಧತೆಯ ಅಂಕಿ, 2021ರಿಂದ ಆರು ಅಕ್ಷರಾಂಕಿಗಳ ಒಂದು ಸಂಖ್ಯೆ ಇರುತ್ತವೆ. ಕೊಳ್ಳುವವರಿಗೆ ಮೋಸವಾಗದಂತೆ ಇವೆಲ್ಲ ಬೇಕು, ನಿಜ. ಆದರೆ ಮಾಡಿದವನ ಹೆಸರಿಗೆ ಅಲ್ಲಿ ಎಡೆಯಿಲ್ಲ. ಏಳುನೂರೈವತ್ತು ವರ್ಷಗಳ ಹಿಂದೆ ಒಬ್ಬ ಕಲ್ಲುಕುಟಿಗನಿಗೆ ದೊರೆತ ಮನ್ನಣೆ ಇಂದಿನ ಅಕ್ಕಸಾಲಿಗನಿಗೆ ದೊರೆತಿಲ್ಲವೆಂದರೆ, ನಾವು ಮುಂದುವರಿದಿದ್ದೇವೆಂದು ಹೇಳುವ ಮೊದಲು ಸ್ವಲ್ಪ ಯೋಚಿಸಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ಕರ್ನಾಟಕದಲ್ಲಿ ಯಾವ ಗುಡಿಯನ್ನು ಕಂಡರೂ ಅಮರಶಿಲ್ಪಿ ಜಕಣಾಚಾರಿಯ ಕೆಲಸವೆಂದು ಹೇಳುವುದು ರೂಢಿ. ಜಕಣಾಚಾರಿ ಡಂಕಣಾಚಾರಿಯರ ಕಥೆ, ಕಲ್ಲಿನೊಳಗಿನ ಕಪ್ಪೆಯ ಕಥೆ, ಎಲ್ಲರಿಗೂ ಪ್ರಿಯವಾದುದೇ. ಕಥೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕಥೆಯ ಶಿಲ್ಪಿಯನ್ನು ಹಾಡಿ ಹೊಗಳುತ್ತ, ಕಲ್ಲಿನಲ್ಲಿ ತನ್ನ ಹೆಸರನ್ನು ತಾನೇ ಬರೆದಿಟ್ಟ ಶಿಲ್ಪಿಯನ್ನು ಮರೆಯುವುದು ನ್ಯಾಯವಲ್ಲ. ಆರ್. ನರಸಿಂಹಾಚಾರ್ಯರು 1917ರಲ್ಲಿಯೇ ಸೋಮನಾಥಪುರದ ಗುಡಿಯನ್ನು ಕುರಿತು ಪುಸ್ತಕ ಬರೆದರು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಂದು ಪತ್ರಿಕೆಗಳಲ್ಲಿ ದೇವಾಲಯಗಳ ಚಿತ್ರಗಳನ್ನು ನೋಡಿ ನಾವೆಲ್ಲರೂ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಮಲ್ಲಿತಮ್ಮನಿಗೆ ಸಲ್ಲತಕ್ಕ ಪಾಲು ಸಂದಿತೆ?

ಅವನಿಗೆ ಪಾಲು ಸಲ್ಲಿಸುವುದು ಕಷ್ಟದ ಕೆಲಸವೇನೂ ಅಲ್ಲ. ನಮ್ಮ ಕಾಲೇಜಿನಿಂದ ಪ್ರವಾಸ ಹೊರಡುವಾಗ ದೂರದ ಊರುಗಳ ಜೊತೆಗೆ ಗೋವಿಂದನಹಳ್ಳಿಯನ್ನೂ, 1234ರಲ್ಲಿ ಹರಿಹರ ದಂಡನಾಯಕನು ಕಟ್ಟಿಸಿದ ನಮ್ಮ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನೂ ಸೇರಿಸಿಕೊಳ್ಳಬಹುದು. ಹೋದಾಗ ವಿಗ್ರಹದ ಮುಖವನ್ನು ನೋಡಿ ಕೈಮುಗಿದ ಮೇಲೆ, ಸ್ವಲ್ಪ ಬಗ್ಗಿ ಪೀಠವನ್ನೂ ನೋಡೋಣ. ಹಳೆಯ ಲಿಪಿಯನ್ನು ಕಲಿಸಬಲ್ಲ ಅಧ್ಯಾಪಕರು ನಮ್ಮಲ್ಲಿದ್ದಾರೆ. ಕಲಿಯಲು ಬೇಕಾದ ಕಣ್ಣು ನಮಗಿದೆ. ನಮ್ಮಲ್ಲಿ ಬಹುಮಂದಿ ದುಡಿಯುವವರ ಮನೆಗಳಿಂದ ಬಂದು, ಮನೆಯಲ್ಲಿ ಮೊದಲ ಬಾರಿಗೆ ಬಿ.ಎ. ಓದುತ್ತಿರುವವರು. ದುಡಿದವನ ಹೆಸರನ್ನು ಓದಿ ಹೇಳುವ ಹೊಣೆಯನ್ನು ನಾವಲ್ಲದೆ ಮತ್ತಾರು ಹೊರಬೇಕು?