ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ (12 ಮೇ 1820 – 13 ಆಗಸ್ಟ್ 1910) ಆಧುನಿಕ ಶುಶ್ರೂಷಾ ವೃತ್ತಿಗೆ ಬುನಾದಿ ಹಾಕಿದ ಆಂಗ್ಲ ಮಹಿಳೆ. ಸಿರಿವಂತ ಮನೆತನದ ವಿರೋಧವನ್ನು ಲೆಕ್ಕಿಸದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದ ಇವರು ಕ್ರಿಮಿಯಾ ಯುದ್ಧಕಾಲದ ಸೇವೆಯಿಂದ ವಿಶ್ವವಿಖ್ಯಾತರಾದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಇವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು.

ಇವರ ದೀಪದ ಕಥೆ ಪಠ್ಯಪುಸ್ತಕಗಳಲ್ಲಿ ಸಾಕಷ್ಟಿದೆ. ದಾದಿಯರ ದುಡಿಮೆಯ ಸ್ಥಿತಿಗತಿಗಳ ಕುರಿತ ಚಿಂತನೆ ಅಷ್ಟು ಪರಿಚಿತವಲ್ಲ. ಲಿವರ್‌ಪೂಲಿನ ವಿಲಿಯಂ ರಾಥ್‌ಬೋನ್ ಬಡವರ ಮನೆಗಳಿಗೇ ದಾದಿಯರನ್ನು ಕಳುಹಿಸುವ ಪದ್ಧತಿ ಆರಂಭಿಸಿದಾಗ ನೈಟಿಂಗೇಲ್ ಮಾರ್ಗದರ್ಶನ ನೀಡಿದರು. ದಿನವಿಡೀ ರೋಗಿಗಳ ಮನೆಗಳನ್ನು ಸುತ್ತಿ ದಣಿದ ದಾದಿಗೆ ಹಿಂದಿರುಗಲು ಅಚ್ಚುಕಟ್ಟಾದ ವಸತಿ, ಸಿದ್ಧ ಊಟ, ಸಹದಾದಿಯರ ಒಡನಾಟ ಇರಲೇಬೇಕೆಂದು 1876ರಲ್ಲಿ ಪತ್ರಿಕೆಗೆ ಬರೆದು ವಾದಿಸಿದರು. ಬಾಡಿಗೆ ಕೋಣೆ ಹುಡುಕಿಕೊಂಡು, ಅಡುಗೆಯನ್ನೂ ತಾನೇ ಮಾಡಿಕೊಳ್ಳಬೇಕಾದ ಕಡೆ ಉತ್ತಮ ದಾದಿಯರು ನಿಲ್ಲಲಾರರು ಎಂಬುದು ಅವರ ನಿಲುವು. ಆದರೆ ದಾದಿಯರ ಅಧಿಕೃತ ನೋಂದಣಿಯನ್ನು ಅವರು ವಿರೋಧಿಸಿದ್ದು ಇಂದಿಗೆ ಒಪ್ಪತಕ್ಕದ್ದಲ್ಲ.

ಭಾರತಕ್ಕೆ ಎಂದೂ ಬರದಿದ್ದರೂ ಇಲ್ಲಿನ ಗ್ರಾಮ ನೈರ್ಮಲ್ಯದ ಬಗ್ಗೆ ಇವರು ಬಹುಕಾಲ ಬರೆದರು. ಆಗ ನಿಜಾಮರ ಸೀಮೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಹಿಳಾ ಆರೋಗ್ಯ ಸಹಾಯಕಿಯರು ಹಳ್ಳಿ ಸುತ್ತುತ್ತಾರೆ. ಬಯಲುಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರವೆಂಬುದು ಸರ್ಕಾರಿ ಮಾನದಂಡ. ಅಂಥ ಸಹಾಯಕಿಯರಿಗೂ ಸಲ್ಲುವ ರಾಷ್ಟ್ರೀಯ ಪ್ರಶಸ್ತಿಯೊಂದನ್ನು ಭಾರತ ಸರ್ಕಾರ 1973ರಲ್ಲಿ ನೈಟಿಂಗೇಲ್ ಹೆಸರಿನಲ್ಲಿ ಸ್ಥಾಪಿಸಿತು.