ಬ್ಯಾಂಡ್‌ಗಳೇ ಮಾಲೀಕರು, ಕಂಪನಿಗೆ ಏನೂ ಇಲ್ಲ: ಫ್ಯಾಕ್ಟರಿ ರೆಕಾರ್ಡ್ಸ್ ಕಟ್ಟಿದ ಟೋನಿ ವಿಲ್ಸನ್ ಬದುಕಿನ ಕಥೆ

ಕಪ್ಪು ಟೀ ಶರ್ಟ್, ಎದೆಯ ಮೇಲೆ ಬೆಟ್ಟದ ಸಾಲಿನಂತೆ ಏರಿಳಿಯುವ ಬಿಳಿ ಗೆರೆಗಳು. ಕಾಲೇಜು ಹುಡುಗರ ಮೈಮೇಲೋ ಆನ್‌ಲೈನ್ ಅಂಗಡಿಗಳಲ್ಲೋ ಈ ಚಿತ್ರವನ್ನು ನೀವು ನೋಡಿರುತ್ತೀರಿ. ಇದು ಯಾವುದೋ ಬಟ್ಟೆ ಕಂಪನಿ ಮಾಡಿಸಿದ ಡಿಸೈನ್ ಅಲ್ಲ. 1979ರಲ್ಲಿ ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ಬ್ಯಾಂಡ್ ಹೊರತಂದ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂನ ಮುಖಪುಟವಿದು. ಆಗ ಆ ಬ್ಯಾಂಡಿನ ಹೆಸರು ಮ್ಯಾಂಚೆಸ್ಟರ್ ದಾಟಿ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಆಲ್ಬಂ ತಂದ ಕಂಪನಿಗೆ ಸರಿಯಾದ ಕಚೇರಿಯೂ ಇರಲಿಲ್ಲ. ಗೆಳೆಯನೊಬ್ಬನ ಫ್ಲ್ಯಾಟಿನಲ್ಲೇ ಕೆಲಸ ನಡೆಯುತ್ತಿತ್ತು.

ಆ ಕಂಪನಿಯ ಹೆಸರು ಫ್ಯಾಕ್ಟರಿ ರೆಕಾರ್ಡ್ಸ್. ಅದರ ಮುಂದಾಳು ಟೋನಿ ವಿಲ್ಸನ್. ಯಾರಿಗೂ ಬೇಡವಾದ ಬ್ಯಾಂಡ್‌ಗಳನ್ನು ಹುಡುಕಿ ಜಗತ್ತಿಗೆ ತೋರಿಸಿದ, ಆದರೆ ಅವುಗಳಿಂದ ತಾನು ಮಾತ್ರ ಆಸ್ತಿ ಮಾಡದೇ ಹೋದ ವ್ಯಕ್ತಿ.

ಹಗಲು ಸುದ್ದಿ, ರಾತ್ರಿ ಸಂಗೀತ

ವಿಲ್ಸನ್ ಹುಟ್ಟಿದ್ದು 1950ರ ಫೆಬ್ರವರಿ 20ರಂದು, ಮ್ಯಾಂಚೆಸ್ಟರ್‌ಗೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ಮನೆಯವರದು ತಂಬಾಕು ಅಂಗಡಿ. ಓದಿನಲ್ಲಿ ಹುಡುಗ ಚುರುಕು. ಊರಿನ ಡಿ ಲಾ ಸಾಲ್ ಶಾಲೆಯಿಂದ ನೇರವಾಗಿ ಕೇಂಬ್ರಿಡ್ಜ್‌ನ ಜೀಸಸ್ ಕಾಲೇಜಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿದರು. 1971ರಲ್ಲಿ ಪದವಿ ಮುಗಿಸಿ ಲಂಡನ್ನಿನ ಐಟಿಎನ್ ಸುದ್ದಿಸಂಸ್ಥೆಯಲ್ಲಿ ತರಬೇತಿ ವರದಿಗಾರರಾಗಿ ಸೇರಿಕೊಂಡರು.

ಲಂಡನ್ನಿನಲ್ಲಿ ಕೆಲಸ ಸಿಕ್ಕವರು ಸಾಮಾನ್ಯವಾಗಿ ಮತ್ತೆ ಊರ ಕಡೆ ತಿರುಗಿ ನೋಡುವುದಿಲ್ಲ. ವಿಲ್ಸನ್ ಎರಡೇ ವರ್ಷದಲ್ಲಿ ವಾಪಸ್ ಬಂದರು. 1973ರಲ್ಲಿ ಮ್ಯಾಂಚೆಸ್ಟರ್‌ನ ಗ್ರಾನಡಾ ಟಿವಿ ಸೇರಿ, ಸಂಜೆಯ ಪ್ರಾದೇಶಿಕ ಸುದ್ದಿ ಕಾರ್ಯಕ್ರಮದ ಮುಖವಾದರು. ಆ ಭಾಗದ ಮನೆಮನೆಗೂ ಅವರು ಪರಿಚಿತ. ರಸ್ತೆಯಲ್ಲಿ ಜನ ಗುರುತಿಸಿ ಮಾತಾಡಿಸುತ್ತಿದ್ದರು, ಕೆಲವರು ಬಾಯಿಗೆ ಬಂದಂತೆ ಬೈಯುತ್ತಲೂ ಇದ್ದರು. ಮುಂದೆ ಅಷ್ಟೆಲ್ಲ ಸಾಹಸ ಮಾಡಿದರೂ ಟಿವಿ ಕೆಲಸದ ನಂಟನ್ನು ಅವರು ಕಡಿದುಕೊಳ್ಳಲಿಲ್ಲ. ಹೊಟ್ಟೆಪಾಡು ನಡೆದದ್ದೇ ಅದರಿಂದ.

1976ರಲ್ಲಿ ಗ್ರಾನಡಾದಲ್ಲಿ 'ಸೋ ಇಟ್ ಗೋಸ್' ಎಂಬ ಸಂಗೀತ ಕಾರ್ಯಕ್ರಮ ಅವರ ಪಾಲಿಗೆ ಬಂತು. ಅದೇ ವರ್ಷ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ಪಂಕ್ ಬ್ಯಾಂಡ್ ಹಾಡಿತು. ಸೇರಿದ್ದವರು ಬೆರಳೆಣಿಕೆಯ ಮಂದಿ. ಆದರೆ ಆ ಸಣ್ಣ ಗುಂಪಿನಲ್ಲಿದ್ದ ಹಲವರು ಮುಂದೆ ತಾವೇ ಬ್ಯಾಂಡ್ ಕಟ್ಟಿದರು. ಆ ರಾತ್ರಿ ತಾನೂ ಅಲ್ಲಿದ್ದೆ ಎಂದು ವಿಲ್ಸನ್ ಹೇಳಿಕೊಳ್ಳುತ್ತಿದ್ದರು. ಇರಲಿಲ್ಲ ಎಂದು ವಾದಿಸುವವರೂ ಇದ್ದಾರೆ. ಯಾವುದೇ ಇರಲಿ, ಕೆಲವೇ ತಿಂಗಳಲ್ಲಿ ಆ ಬ್ಯಾಂಡನ್ನು ಮೊದಲ ಬಾರಿಗೆ ಟಿವಿಗೆ ತಂದದ್ದು ಮಾತ್ರ ವಿಲ್ಸನ್ ಅವರ ಕಾರ್ಯಕ್ರಮವೇ. 1977ರಲ್ಲಿ ಎರಡನೇ ಸರಣಿಯೊಂದಿಗೆ ಅದು ನಿಂತುಹೋಯಿತು.

ಕ್ಲಬ್‌ನಿಂದ ಕಂಪನಿಗೆ

ಆ ದಿನಗಳಲ್ಲಿ ಬ್ರಿಟನ್ನಿನ ಸಂಗೀತ ವ್ಯಾಪಾರವೆಲ್ಲ ಲಂಡನ್ನಿನ ಕೈಯಲ್ಲಿತ್ತು. ಊರಿನ ಹುಡುಗರು ಎಷ್ಟೇ ಚೆನ್ನಾಗಿ ನುಡಿಸಲಿ, ಲಂಡನ್ನಿನ ದೊಡ್ಡ ಕಂಪನಿ ಕಣ್ಣು ಬಿಟ್ಟು ನೋಡುವವರೆಗೆ ಅವರಿಗೆ ರೆಕಾರ್ಡ್ ಇಲ್ಲ. ಈ ಗೋಡೆ ಒಡೆದದ್ದು ಮ್ಯಾಂಚೆಸ್ಟರ್‌ನದೇ ಬ್ಯಾಂಡ್ ಬಜ್‌ಕಾಕ್ಸ್. ಸಾಲ ಮಾಡಿದ ದುಡ್ಡಿನಲ್ಲಿ 1977ರ ಜನವರಿಯಲ್ಲಿ ತಮ್ಮದೇ ಪುಟ್ಟ ಲೇಬಲ್‌ನಿಂದ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡಿನ ರೆಕಾರ್ಡ್ ತಂದರು. ಮೊದಲು ಅಚ್ಚು ಹಾಕಿಸಿದ್ದು ಸಾವಿರ ಪ್ರತಿ. ಅವು ಕಣ್ಣು ಮಿಟುಕಿಸುವುದರೊಳಗೆ ಖರ್ಚಾದವು. ರೆಕಾರ್ಡ್ ಮಾಡಲು ಲಂಡನ್ ಬೇಕಿಲ್ಲ ಎಂಬುದು ಉತ್ತರ ಇಂಗ್ಲೆಂಡಿನ ಹುಡುಗರಿಗೆಲ್ಲ ಮನದಟ್ಟಾಯಿತು.

ವಿಲ್ಸನ್ ಶುರು ಮಾಡಿದ್ದು ಕ್ಲಬ್ ರಾತ್ರಿಯಿಂದ. 1978ರ ಮೇ ತಿಂಗಳಲ್ಲಿ ನಟ ಗೆಳೆಯ ಅಲನ್ ಎರಾಸ್ಮಸ್ ಜೊತೆ ಸೇರಿ ಹ್ಯೂಮ್ ಬಡಾವಣೆಯ ರಸೆಲ್ ಕ್ಲಬ್‌ನಲ್ಲಿ ಹೊಸ ಬ್ಯಾಂಡ್‌ಗಳಿಗೆ ವೇದಿಕೆ ಕೊಟ್ಟರು. ಅದಕ್ಕಿಟ್ಟ ಹೆಸರು ಫ್ಯಾಕ್ಟರಿ. ಪೋಸ್ಟರ್ ಬರೆದದ್ದು ಪೀಟರ್ ಸಾವಿಲ್ ಎಂಬ ಯುವ ಕಲಾವಿದ. ಪೋಸ್ಟರ್ ಎಷ್ಟು ತಡವಾಗಿ ಬಂತೆಂದರೆ ಅದರಿಂದ ಪ್ರಚಾರಕ್ಕೆ ಯಾವ ಉಪಯೋಗವೂ ಆಗಲಿಲ್ಲ. ಆದರೂ ಅದಕ್ಕೊಂದು ಕ್ರಮಸಂಖ್ಯೆ ಸಿಕ್ಕಿತು: ಎಫ್‌ಎಸಿ 1.

1979ರ ಆರಂಭದಲ್ಲಿ ಬಂದ ಎಫ್‌ಎಸಿ 2 ಮೊದಲ ರೆಕಾರ್ಡ್. ಹೆಸರು 'ಎ ಫ್ಯಾಕ್ಟರಿ ಸ್ಯಾಂಪಲ್'. ಎರಡು ಸಣ್ಣ ತಟ್ಟೆಗಳಲ್ಲಿ ಜಾಯ್ ಡಿವಿಷನ್, ದುರುಟ್ಟಿ ಕಾಲಂ, ಷೆಫೀಲ್ಡ್‌ನ ಕ್ಯಾಬರೆ ವಾಲ್ಟೇರ್ ಮತ್ತು ಹಾಸ್ಯಗಾರ ಜಾನ್ ಡೌವಿ. ತಾಯಿ ತೀರಿಕೊಂಡ ಮೇಲೆ ಕೈಗೆ ಬಂದ ಹಣವನ್ನು ವಿಲ್ಸನ್ ಇದಕ್ಕೆ ಸುರಿದರು. ಅಚ್ಚಾದ 5,000 ಪ್ರತಿಗಳ ಹೊದಿಕೆಯನ್ನು ಗೆಳೆಯರೇ ಕೂತು ಕೈಯಿಂದ ಸಿದ್ಧಪಡಿಸಿದರು.

ವಿಲ್ಸನ್, ಎರಾಸ್ಮಸ್, ಸಾವಿಲ್ ಜೊತೆಗೆ ರೆಕಾರ್ಡಿಂಗ್ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಮತ್ತು ಜಾಯ್ ಡಿವಿಷನ್‌ನ ಮ್ಯಾನೇಜರ್ ರಾಬ್ ಗ್ರೆಟನ್ ಪಾಲುದಾರರಾದರು. ಕಚೇರಿ ಪ್ಯಾಲಟೈನ್ ರಸ್ತೆಯ 86ನೇ ನಂಬರಿನಲ್ಲಿದ್ದ ಎರಾಸ್ಮಸ್ ಮನೆ.

ಕರಾರೇ ಇಲ್ಲದ ಕರಾರು

ದೊಡ್ಡ ಕಂಪನಿಗಳು ಬ್ಯಾಂಡನ್ನು ಹಲವು ಆಲ್ಬಂಗಳಿಗೆ ಕಟ್ಟಿಹಾಕುವುದು ರೂಢಿ. ಮುಂಗಡ ಕೊಟ್ಟು, ಆಮೇಲೆ ರಾಯಲ್ಟಿಯಲ್ಲಿ ಮುರಿದುಕೊಂಡು, ಧ್ವನಿಮುದ್ರಿಕೆಯ ಒಡೆತನವನ್ನೂ ತಾವೇ ಇಟ್ಟುಕೊಳ್ಳುತ್ತಿದ್ದವು. ಫ್ಯಾಕ್ಟರಿ ಇದನ್ನೆಲ್ಲ ತಲೆಕೆಳಗು ಮಾಡಿತು. ಖರ್ಚು ಕಳೆದು ಉಳಿದದ್ದರಲ್ಲಿ ಬ್ಯಾಂಡಿಗೆ ಅರ್ಧ, ಕಂಪನಿಗೆ ಅರ್ಧ. ಬೇಡವೆನಿಸಿದ ದಿನ ಬ್ಯಾಂಡ್ ಹೊರಟುಹೋಗಬಹುದು. ಇನ್ನೂ ಮುಂದೆ ಹೋಗಿ, ಹಾಡುಗಳೆಲ್ಲ ಸಂಗೀತಗಾರರ ಸ್ವತ್ತು, ಕಂಪನಿಗೆ ಏನೂ ಸೇರಿದ್ದಲ್ಲ ಎಂಬ ಒಂದು ಪುಟದ ಬರಹಕ್ಕೆ ವಿಲ್ಸನ್ ಸಹಿ ಹಾಕಿದರು. ರಕ್ತದಲ್ಲೇ ಸಹಿ ಮಾಡಿದ್ದೆ ಎಂಬುದು ಅವರು ಮುಂದೆ ಸಾರಿಕೊಂಡು ಬಂದ ಕಥೆ.

ಜಾಯ್ ಡಿವಿಷನ್ ಸಿಕ್ಕಿದ್ದೂ ಸ್ವಾರಸ್ಯಕರವಾಗಿಯೇ. 1978ರ ಏಪ್ರಿಲ್‌ನಲ್ಲಿ ರಾಫ್ಟರ್ಸ್ ಕ್ಲಬ್‌ನಲ್ಲಿ ಗಾಯಕ ಇಯಾನ್ ಕರ್ಟಿಸ್, ತಮ್ಮ ಬ್ಯಾಂಡನ್ನು ಟಿವಿಯಲ್ಲಿ ತೋರಿಸದ ವಿಲ್ಸನ್‌ಗೆ ಮುಖಕ್ಕೆ ಹೊಡೆದಂತೆ ಬೈದಿದ್ದರು. ವಿಲ್ಸನ್ ಸಿಟ್ಟಾಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಆ ಬ್ಯಾಂಡ್ ಗ್ರಾನಡಾ ಪರದೆಯ ಮೇಲೆ ಹಾಡಿತು. ಮರುವರ್ಷ ಜೂನ್‌ನಲ್ಲಿ 'ಅನ್‌ನೋನ್ ಪ್ಲೆಷರ್ಸ್' ಬಂತು. ಮುಖಪುಟದ ಗೆರೆಗಳು 1967ರಲ್ಲಿ ಪತ್ತೆಯಾದ ಮೊಟ್ಟಮೊದಲ ಪಲ್ಸಾರ್ ನಕ್ಷತ್ರದ ರೇಡಿಯೋ ತರಂಗಗಳು. ಖಗೋಳ ವಿಶ್ವಕೋಶವೊಂದರಲ್ಲಿದ್ದ ಆ ಚಿತ್ರವನ್ನು ಬ್ಯಾಂಡಿನವರು ಆರಿಸಿ ತಂದುಕೊಟ್ಟರು, ಸಾವಿಲ್ ಅದನ್ನು ಕಪ್ಪಿನ ಮೇಲೆ ಬಿಳಿಯಾಗಿಸಿದರು. ಮುಂಭಾಗದಲ್ಲಿ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಮೊದಲ ಮುದ್ರಣವೇ 10,000 ಪ್ರತಿ. ಸಣ್ಣ ಲೇಬಲ್‌ಗೆ ಅದು ದೊಡ್ಡ ಜೂಜು.

ಕೇಳುಗರಿಗೆ ಈ ಬ್ಯಾಂಡ್‌ಗಳು ಸಿಗುತ್ತಿದ್ದುದು ಹೇಗೆ? ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ ರಾತ್ರಿ ಹೊತ್ತು ಇಂಥ ಅಪರಿಚಿತರ ಹಾಡು ಹಾಕುತ್ತಿದ್ದರು. ರಫ್ ಟ್ರೇಡ್‌ನಂಥ ಸ್ವತಂತ್ರ ವಿತರಕರು ಸಣ್ಣಪುಟ್ಟ ಅಂಗಡಿಗಳಿಗೆ ರೆಕಾರ್ಡ್ ತಲುಪಿಸುತ್ತಿದ್ದರು. ಇವೆರಡರ ಜೊತೆ ಫ್ಯಾಕ್ಟರಿಯ ಕ್ರಮಸಂಖ್ಯೆಯೂ ಕೆಲಸ ಮಾಡಿತು. ಜಾಯ್ ಡಿವಿಷನ್‌ಗಾಗಿ ಬಂದವರು ಆ ಸಂಖ್ಯೆಯ ಜಾಡು ಹಿಡಿದು ಎ ಸರ್ಟನ್ ರೇಷಿಯೋ, ಬ್ಲ್ಯಾಕ್‌ಪೂಲ್‌ನ ಸೆಕ್ಷನ್ 25, ನ್ಯೂಯಾರ್ಕ್‌ನ ಬ್ರಾಂಕ್ಸ್ ಹುಡುಗಿಯರ ಇಎಸ್‌ಜಿವರೆಗೂ ಹೋದರು. ಹೆಸರೇ ಕೇಳದ ಬ್ಯಾಂಡಾದರೂ ಫ್ಯಾಕ್ಟರಿ ಮುದ್ರೆ ಇದ್ದರೆ ಒಮ್ಮೆ ಕೇಳೋಣ ಎಂಬ ನಂಬಿಕೆ ಹುಟ್ಟಿತು. ದುರುಟ್ಟಿ ಕಾಲಂನ ಮೊದಲ ಆಲ್ಬಂಗಂತೂ ಮರಳು ಕಾಗದದ ಹೊದಿಕೆ. ಪಕ್ಕದ ರೆಕಾರ್ಡ್‌ಗಳನ್ನು ಅದು ಉಜ್ಜಿ ಹಾಳು ಮಾಡಲಿ ಎಂಬ ತುಂಟತನ! ಅದನ್ನು ಅಂಟಿಸಲು ಕೂತವರಲ್ಲಿ ಜಾಯ್ ಡಿವಿಷನ್ ಹುಡುಗರೂ ಇದ್ದರು.

ಎಲ್ಲ ಗುರಿಯೂ ಮುಟ್ಟಲಿಲ್ಲ. ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ಮೊದಲ ಸಿಂಗಲ್ ಇಲ್ಲಿ ಮಾಡಿ ದೊಡ್ಡ ಕಂಪನಿಯ ನೆರಳಿಗೆ ಹೋಯಿತು. ಪಕ್ಕದಲ್ಲೇ ಇದ್ದ ದ ಸ್ಮಿತ್ಸ್ ಫ್ಯಾಕ್ಟರಿಗೆ ದಕ್ಕದೆ ಲಂಡನ್ನಿನ ರಫ್ ಟ್ರೇಡ್ ಪಾಲಾಯಿತು.

ಸಾವಿನ ನಂತರದ ಯಶಸ್ಸು

1980ರ ಮೇ 18. ಜಾಯ್ ಡಿವಿಷನ್ ಅಮೆರಿಕ ಪ್ರವಾಸಕ್ಕೆ ಹೊರಡಬೇಕಿದ್ದ ಹೊತ್ತಿನಲ್ಲಿ ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು ಕೇವಲ 23. ಮೂರ್ಛೆರೋಗ ಅವರನ್ನು ಹಣ್ಣು ಮಾಡಿತ್ತು. ರೋಗವಿದ್ದೂ ವೇದಿಕೆ ಮೇಲೆ ಮೇಲಿಂದ ಮೇಲೆ ಕಾರ್ಯಕ್ರಮಗಳು ನಡೆದೇ ಇದ್ದವು. ಸುತ್ತಲಿದ್ದವರು ಅಪಾಯದ ಸುಳಿವನ್ನು ಗುರುತಿಸಲಿಲ್ಲ ಎಂಬ ಕೊರಗು ಆ ಬಳಗವನ್ನು ಬಿಡಲಿಲ್ಲ. ಎರಡನೇ ಆಲ್ಬಂ 'ಕ್ಲೋಸರ್' ಜುಲೈನಲ್ಲಿ ಬಂದಾಗ ಹಾಡಿದವರು ಇರಲಿಲ್ಲ.

ಉಳಿದವರು ನ್ಯೂ ಆರ್ಡರ್ ಹೆಸರಲ್ಲಿ ಮತ್ತೆ ಎದ್ದರು. 1983ರ ಮಾರ್ಚ್‌ನಲ್ಲಿ ಬಂದ 'ಬ್ಲೂ ಮಂಡೇ' ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಆಯಿತು. ಕಂಪ್ಯೂಟರ್ ಫ್ಲಾಪಿಯಂತೆ ರಂಧ್ರ ಕೊರೆದ ಅದರ ಹೊದಿಕೆ ಎಷ್ಟು ದುಬಾರಿ ಎಂದರೆ, ಪ್ರತಿ ಮಾರಿದಷ್ಟೂ ಫ್ಯಾಕ್ಟರಿಗೆ ನಷ್ಟ ಎಂಬ ಮಾತು ದಂತಕಥೆಯಾಗಿದೆ. ಲೆಕ್ಕದ ಬಗ್ಗೆ ತಕರಾರಿದ್ದರೂ, ಅದು ಆ ಕಂಪನಿಯ ಸ್ವಭಾವವನ್ನು ಸರಿಯಾಗಿಯೇ ಹೇಳುತ್ತದೆ.

ಹಾಸಿಗೆ ಮೀರಿ ಚಾಚಿದ ಕಾಲು

1982ರ ಮೇ 21ರಂದು ಫ್ಯಾಕ್ಟರಿ ಮತ್ತು ನ್ಯೂ ಆರ್ಡರ್ ಹಣದಿಂದ ಹಸಿಯೆಂಡಾ ಎಂಬ ಬೃಹತ್ ಕ್ಲಬ್ ತೆರೆಯಿತು. ಸಂಖ್ಯೆ ಎಫ್‌ಎಸಿ 51. ಹಳೆಯ ದೋಣಿ ಮಾರಾಟ ಮಳಿಗೆಯನ್ನು ವಿನ್ಯಾಸಕಾರ ಬೆನ್ ಕೆಲ್ಲಿ ಕಾರ್ಖಾನೆಯಂತೆ ರೂಪಿಸಿದ್ದರು. ಇದರಿಂದ ಕೆಂಡವಾದವರು ಹ್ಯಾನೆಟ್. ಆ ದುಡ್ಡಿನಲ್ಲಿ ಹೊಸ ಸ್ಟುಡಿಯೋ ಯಂತ್ರ ಕೊಳ್ಳಬೇಕಿತ್ತು ಎಂಬುದು ಅವರ ವಾದ. ಕೋರ್ಟ್ ಮೆಟ್ಟಿಲೇರಿದರು. ಫ್ಯಾಕ್ಟರಿ ಆ ಮೊಕದ್ದಮೆಗೂ ಎಫ್‌ಎಸಿ 61 ಎಂದು ಸಂಖ್ಯೆ ಕೊಟ್ಟಿತು. ಕ್ಲಬ್ಬಿನ ಬೆಕ್ಕಿಗೂ ಒಂದು ಸಂಖ್ಯೆ ಸಿಕ್ಕಿತ್ತು.

ಮೊದಲ ವರ್ಷಗಳಲ್ಲಿ ಹಸಿಯೆಂಡಾ ಬಹುಪಾಲು ಖಾಲಿ. ಎಂಬತ್ತರ ದಶಕದ ಕೊನೆಗೆ ಹೌಸ್ ಸಂಗೀತ ಬಂದಾಗ ಹೊರಗೆ ಸರತಿ ಸಾಲು. ಆದರೆ ಕುಣಿಯಲು ಬಂದವರು ಸೇವಿಸುತ್ತಿದ್ದುದು ಮಾದಕ ಮಾತ್ರೆ, ಬಾರ್‌ನಲ್ಲಿ ಕೇಳುತ್ತಿದ್ದುದು ನೀರು. ಹೀಗಾಗಿ ಜನ ತುಂಬಿದರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. 1989ರಲ್ಲಿ ಮಾತ್ರೆ ಸೇವಿಸಿದ 16 ವರ್ಷದ ಹುಡುಗಿಯೊಬ್ಬಳು ಸತ್ತಳು. ಬೆನ್ನಿಗೇ ರೌಡಿ ಗುಂಪುಗಳು, ಬಂದೂಕುಗಳು ಬಂದವು. 1991ರಲ್ಲಿ ಕೆಲ ತಿಂಗಳು ಬಾಗಿಲು ಹಾಕಿ ಮತ್ತೆ ತೆರೆದರೂ, 1997ರಲ್ಲಿ ಕ್ಲಬ್ ಶಾಶ್ವತವಾಗಿ ಮುಚ್ಚಿತು. ಇಂದು ಆ ಜಾಗದಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟ್ ಇದೆ.

ಅಷ್ಟರಲ್ಲಿ ಕಂಪನಿಯೇ ಮುಳುಗಿಹೋಗಿತ್ತು. 1990ರಲ್ಲಿ ಚಾರ್ಲ್ಸ್ ಸ್ಟ್ರೀಟ್‌ನಲ್ಲಿ ಠೀವಿಯ ಹೊಸ ಕಚೇರಿ, ಜೊತೆಗೆ ಹ್ಯಾಪಿ ಮಂಡೇಸ್ ಬ್ಯಾಂಡಿನ 'ಯೆಸ್ ಪ್ಲೀಸ್' ಆಲ್ಬಂ. ಬಾರ್ಬಡೋಸ್ ದ್ವೀಪದಲ್ಲಿ ನಡೆದ ಆ ರೆಕಾರ್ಡಿಂಗ್ ವ್ಯಸನದ ಗೊಂದಲದಲ್ಲಿ ಹಳ್ಳ ಹಿಡಿಯಿತು. ಖರ್ಚು ಏರಿತು, 1992ರಲ್ಲಿ ಬಂದ ಆಲ್ಬಂ ನೆಲಕಚ್ಚಿತು. ಕೊಳ್ಳಲು ಮುಂದೆ ಬಂದಿದ್ದು ಲಂಡನ್ ರೆಕಾರ್ಡ್ಸ್. ಮಾತುಕತೆಯ ನಡುವೆ ಆ ಹಳೆಯ ಒಂದು ಪುಟದ ಬರಹ ಹೊರಬಂತು. ಹಾಡುಗಳೆಲ್ಲ ಬ್ಯಾಂಡ್‌ಗಳವು ಎಂದಾದ ಮೇಲೆ ಕಂಪನಿಯಲ್ಲಿ ಕೊಳ್ಳಲು ಉಳಿದದ್ದೇನು? ನ್ಯೂ ಆರ್ಡರ್ ಜೊತೆ ನೇರವಾಗಿ ಮಾತಾಡಿದರೆ ಸಾಕಲ್ಲ? 1992ರ ನವೆಂಬರ್‌ನಲ್ಲಿ ಫ್ಯಾಕ್ಟರಿ ದಿವಾಳಿಯಾಯಿತು.

ಇಲ್ಲಿಯೇ ವಿಲ್ಸನ್ ಬದುಕಿನ ಗಂಟು ಇರುವುದು. ಬ್ಯಾಂಡ್‌ಗಳನ್ನು ಎಳೆದು ತಂದ ಉದಾರತೆಯೇ ಕಂಪನಿಯನ್ನು ಬರಿಗೈ ಮಾಡಿತು. ಹಾಗೆಂದು ಎಲ್ಲವನ್ನೂ ಔದಾರ್ಯದ ಲೆಕ್ಕಕ್ಕೆ ಬರೆಯುವಂತಿಲ್ಲ. ಕ್ಲಬ್, ಕಟ್ಟಡಗಳಿಗೆ ಹೋದದ್ದರಲ್ಲಿ ಬ್ಯಾಂಡ್‌ಗಳ ದುಡಿಮೆಯೂ ಇತ್ತು. ವರ್ಷಗಟ್ಟಲೆ ಹಿಟ್ ಕೊಟ್ಟ ನ್ಯೂ ಆರ್ಡರ್ ಸದಸ್ಯರೇ ಹಸಿಯೆಂಡಾದಲ್ಲಿ ಕೈಸುಟ್ಟುಕೊಂಡರು. ಆದರೂ ಕಂಪನಿ ಮುಳುಗಿದ ದಿನ ಅವರ ಹಾಡು ಅವರ ಬಳಿಯೇ ಉಳಿಯಿತು. ಬೇರೆ ಲೇಬಲ್‌ಗಳು ಮುಳುಗಿದಾಗ ಹಾಡುಗಳೂ ಹರಾಜಾಗುವುದು ಮಾಮೂಲು.

ಕೊನೆಯ ವರ್ಷಗಳು

ವಿಲ್ಸನ್ ಸುಮ್ಮನೆ ಕೂರಲಿಲ್ಲ. ಹೊಸ ಬ್ಯಾಂಡ್‌ಗಳನ್ನೂ ಸಂಗೀತೋದ್ಯಮವನ್ನೂ ಒಂದೆಡೆ ಸೇರಿಸುವ 'ಇನ್ ದ ಸಿಟಿ' ಸಮ್ಮೇಳನವನ್ನು 1992ರಲ್ಲೇ ಶುರು ಮಾಡಿದ್ದರು. 2002ರಲ್ಲಿ ಅವರ ಬದುಕನ್ನೇ ಆಧರಿಸಿ ಮೈಕೆಲ್ ವಿಂಟರ್‌ಬಾಟಮ್ '24 ಅವರ್ ಪಾರ್ಟಿ ಪೀಪಲ್' ಸಿನಿಮಾ ಮಾಡಿದರು. ವಿಲ್ಸನ್ ಪಾತ್ರದಲ್ಲಿ ಸ್ಟೀವ್ ಕೂಗನ್.

2006ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಪತ್ತೆಯಾಯಿತು. ವೈದ್ಯರು ಸೂಚಿಸಿದ ಸ್ಯೂಟೆಂಟ್ ಔಷಧಿಗೆ ತಿಂಗಳಿಗೆ ಸುಮಾರು 3,500 ಪೌಂಡ್. ಸರ್ಕಾರಿ ಆರೋಗ್ಯ ಸೇವೆ ಅದರ ಖರ್ಚು ಭರಿಸಲು ಒಪ್ಪಲಿಲ್ಲ. ಅಷ್ಟು ಹಣ ವಿಲ್ಸನ್ ಬಳಿ ಇರಲಿಲ್ಲ. ಹ್ಯಾಪಿ ಮಂಡೇಸ್ ಬಳಗದವರೂ ಸೇರಿದಂತೆ ಹಳೆಯ ಗೆಳೆಯರು ನಿಧಿ ಕೂಡಿಸಿ ಔಷಧಿ ಕೊಡಿಸಿದರು. ಒಂದು ಕಾಲಕ್ಕೆ ಅವರಿಂದ ಕೈಹಿಡಿಸಿಕೊಂಡವರೇ ಈಗ ಅವರ ಕೈ ಹಿಡಿದಿದ್ದರು. ಅದೇ ಔಷಧಿ ಎಲ್ಲ ಬಡ ರೋಗಿಗಳಿಗೂ ಸಿಗಬೇಕೆಂದು ಅವರು ಬಹಿರಂಗವಾಗಿ ದನಿ ಎತ್ತಿದರು.

2007ರ ಆಗಸ್ಟ್ 10ರಂದು ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ವಿಲ್ಸನ್ ಕೊನೆಯುಸಿರೆಳೆದರು. ವಯಸ್ಸು 57. ಪುರಭವನದ ಬಾವುಟ ಅರ್ಧಕ್ಕಿಳಿಯಿತು. ಈಗ ಊರಿನಲ್ಲಿ ಅವರ ಹೆಸರಿನದೊಂದು ಚೌಕವಿದೆ. ಸದರ್ನ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಪ್ಪು ಕಲ್ಲನ್ನು ರೂಪಿಸಿದ್ದು ಸಾವಿಲ್ ಮತ್ತು ಕೆಲ್ಲಿ. ಅವರನ್ನು ಹೊತ್ತ ಶವಪೆಟ್ಟಿಗೆಗೂ ಗೆಳೆಯರು ಒಂದು ಕ್ರಮಸಂಖ್ಯೆ ಕೊಟ್ಟರು: ಎಫ್‌ಎಸಿ 501. ಅಲ್ಲಿಗೆ ಫ್ಯಾಕ್ಟರಿಯ ಪಟ್ಟಿ ಮುಗಿಯಿತು.